ರತ್ನಗಂಧಿ, ಚಪ್ಪಟೆ ಗಿಡ: ಹೋಲಿಸಿ ಬರೆಯಿರಿ

ನನ್ನ ಅಣ್ಣ ಬಹಳ ಒಳ್ಳೆಯವನು ಎಂದು ಯಾರಾದರೂ ನನ್ನ ಹೊಲಿಗೆ ಅಂಗಡಿಗೆ ಬಂದು ಹೊಗಳಿದರೆ, ಅವರ ಅಳತೆಯನ್ನು ನಾನು ಬೇಕೆಂದೇ ಒಂದಿಂಚು ಬಿಗಿ ಹಿಡಿಯುತ್ತೇನೆ. ಒಳ್ಳೆಯತನದ ಬಿಗಿ ಎಂಥದ್ದು ಅಂತ ಅವರ ಹೊಟ್ಟೆಗೂ ಸ್ವಲ್ಪ ಗೊತ್ತಾಗಲಿ. ಹೊರಗಿನವರಿಗೇನು, ಹೊಗಳಿ ಹೋಗುತ್ತಾರೆ. ಒಳ್ಳೆಯವನ ಜೊತೆ ಒಂದೇ ಸೂರಿನ ಕೆಳಗೆ ಬದುಕಿದವರನ್ನು ಕೇಳಬೇಕು.

ಅಣ್ಣ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಅಟೆಂಡರ್. ಬೆಳಿಗ್ಗೆ ಲ್ಯಾಬಿನ ಬೀಗ ತೆಗೆಯುವುದು, ಮೈಕ್ರೋಸ್ಕೋಪುಗಳ ಮೇಲೆ ಹೊದಿಸಿದ ಬಟ್ಟೆ ತೆಗೆದು ಒರೆಸುವುದು, ಗಾಜಿನ ತಟ್ಟೆ ತೊಳೆಯುವುದು, ಸೀಸೆಗಳಲ್ಲಿ ಫಾರ್ಮಲಿನ್ ಇಳಿದಿದ್ದರೆ ತುಂಬುವುದು, ಅಂದಂದಿನ ಪಾಠಕ್ಕೆ ಬೇಕಾದ ಗಿಡ ಹುಡುಕಿ ತರುವುದು, ಇಷ್ಟೇ ಅವನ ಕೆಲಸ. ಅವನೇನೋ ಎಲೆಮರೆಯ ಕಾಯಿ, ಪಂಡಿತರನ್ನೇ ಮೀರಿಸಿದವನು ಅಂತ ಕಥೆ ಕಟ್ಟಲು ನಾನು ಹೊರಟಿಲ್ಲ. ಗಿಡಗಳ ಉದ್ದುದ್ದ ಹೆಸರುಗಳನ್ನು ಅವನು ತಪ್ಪಾಗಿಯೇ ಹೇಳುತ್ತಿದ್ದ. ಯಾವ ಗಿಡ ಎಲ್ಲಿ ಸಿಗುತ್ತದೆ, ಅದನ್ನು ಬಾಡದಂತೆ ಮೇಜಿನವರೆಗೆ ತರುವುದು ಹೇಗೆ ಅನ್ನುವುದು ಅವನಿಗೆ ಗೊತ್ತಿತ್ತು. ತರಕಾರಿ ಮಾರುವವನಿಗೂ ಅಷ್ಟು ಗೊತ್ತಿರುತ್ತದೆ.

ನಮ್ಮದು ಉದ್ದನೆಯ ಮನೆ. ರಸ್ತೆಯ ಕಡೆಗಿನ ಕೋಣೆ ನನ್ನ ಅಂಗಡಿ, ನಡುವೆ ಅಡುಗೆಮನೆ, ಹಿಂದೆ ಒಂದು ಕೋಣೆ, ಅದರಾಚೆ ನಲ್ಲಿ ಮತ್ತು ಬಟ್ಟೆ ಒಣಹಾಕುವ ಜಾಗ. ಅತ್ತಿಗೆ ತೀರಿಕೊಂಡಾಗ ಅವರ ಹುಡುಗಿಗೆ ಇನ್ನೂ ಜಡೆ ಹಾಕುವಷ್ಟು ಕೂದಲು ಬಂದಿರಲಿಲ್ಲ. ಅಣ್ಣ ಅವಳನ್ನು ಎತ್ತಿಕೊಂಡು ಬಂದು ನನ್ನ ಮೆಷಿನ್ನಿನ ಪಕ್ಕ ಕೂರಿಸಿದ. ಅಂದಿನಿಂದ ಮೂರೂ ಜನ ಒಟ್ಟಿಗೆ. ನನಗೆ ಮದುವೆ ಆಗಲಿಲ್ಲ. ಬಂದವರ ಅಳತೆ ನನಗೆ ಸರಿಹೋಗಲಿಲ್ಲ, ನನ್ನ ನಾಲಿಗೆಯ ಅಳತೆ ಅವರಿಗೆ ಸರಿಹೋಗಲಿಲ್ಲ ಅಂತಿಟ್ಟುಕೊಳ್ಳಿ.

ಹುಡುಗಿ ಬೆಳೆದದ್ದು ಬಟ್ಟೆಯ ಚೂರು ಮತ್ತು ಗಿಡದ ಚೂರುಗಳ ನಡುವೆ. ರಜೆಯಲ್ಲಿ ಅಣ್ಣ ಅವಳನ್ನು ಕಾಲೇಜಿಗೆ ಕರೆದುಕೊಂಡು ಹೋಗುತ್ತಿದ್ದ. ಕಾಲೇಜಿನ ಗೇಟಿನಿಂದ ಲ್ಯಾಬಿನವರೆಗೂ ರತ್ನಗಂಧಿಯ ಸಾಲು. ಅವರೆ, ತೊಗರಿಗಳ ಬಳಗಕ್ಕೆ ಸೇರಿದ ಪೊದೆ ಅದು. ಕೆಂಪು, ಹಳದಿ ಹೂವಿನಿಂದ ಉದ್ದನೆಯ ಕೇಸರಗಳು ಮೀಸೆಯ ಹಾಗೆ ಹೊರಗೆ ಚಾಚಿರುತ್ತವೆ. ಬಿಸಿಲು ಬಲಿತಾಗ ಒಣಗಿದ ಕಾಯಿ ಪಟ್ಟೆಂದು ಸಿಡಿದು, ಸಿಪ್ಪೆ ಎರಡು ಹೋಳಾಗಿ ತಿರುಚಿಕೊಂಡು ಬೀಳುತ್ತದೆ. ಆ ಸದ್ದಿಗೆ ಮಗು ಪ್ರತಿಸಲವೂ ಬೆಚ್ಚಿ, ಆಮೇಲೆ ನಗುತ್ತಿತ್ತು. ಇನ್ನೊಂದು ಗಿಡ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಹಾಸ್ಟೆಲಿನ ಹಿಂದೆ ಸೋರುವ ನೀರಿನ ಟ್ಯಾಂಕು, ಅದರ ಬುಡದಲ್ಲಿ ಚರಂಡಿ, ಚರಂಡಿಯ ಪಕ್ಕದ ಗೋಡೆ ವರ್ಷವಿಡೀ ಒದ್ದೆ. ಆ ಗೋಡೆಗೆ ಹಸಿರು ತೊಗಲು ಅಂಟಿಸಿದಂತೆ ಅದು ಹಬ್ಬಿತ್ತು. ಲಿವರ್‌ವರ್ಟ್ ಅನ್ನುತ್ತಾರೆ, ನೋಡಲು ಲಿವರಿನ ಹಾಗೆ ಇರುತ್ತದಂತೆ. ನಾನು ಯಾರ ಲಿವರನ್ನೂ ನೋಡಿದವಳಲ್ಲ. ನೋಡಿದವರೆಲ್ಲ ಪಾಚಿ ಅನ್ನುತ್ತಿದ್ದರು, ಅಣ್ಣ ಅಲ್ಲ ಅನ್ನುತ್ತಿದ್ದ, ಮಗು ಅದಕ್ಕೆ ಚಪ್ಪಟೆ ಗಿಡ ಅಂತ ಹೆಸರಿಟ್ಟಿತು. ನಮ್ಮ ಮನೆಯಲ್ಲಿ ಅದೇ ಹೆಸರು ಉಳಿಯಿತು.

ಕೈಹಿಡಿದು ಮನೆಗೆ ಬರುವಾಗ ಇಬ್ಬರದೂ ಒಂದು ಆಟ. ಅಣ್ಣ ಕೇಳುವುದು, ಮಗು ಹೇಳುವುದು. ಬಾಗಿಲಿಗೆ ಬಂದರೂ ಆಟ ಮುಗಿದಿರುತ್ತಿರಲಿಲ್ಲ. ನಾನು ಕಾಜಾ ಹಾಕುತ್ತ ಕೇಳಿಸಿಕೊಳ್ಳುತ್ತಿದ್ದೆ.

"ಬೇರು?"

"ರತ್ನಗಂಧಿಗೆ ಇದೆ. ಚಪ್ಪಟೆಗೆ ಇಲ್ಲ, ಬರೀ ಎಳೆಎಳೆ ನೂಲು."

"ಹೂವು?"

"ಅದಕ್ಕಿದೆ. ಇದಕ್ಕಿಲ್ಲ."

"ಬೀಜ?"

"ಅದಕ್ಕೆ ಕಾಯಿ ಒಡೆದು ಸಿಡಿಯತ್ತೆ. ಇದಕ್ಕೆ ಬೀಜ ಇಲ್ಲ. ಮೇಲೆ ಪುಟಾಣಿ ಬಟ್ಟಲು ಇರತ್ತೆ, ಅದರೊಳಗೆ ಮರಿ. ನೀರಿನ ಹನಿ ಬಿದ್ರೆ ಮರಿ ಹಾರಿ ಆಚೆ ಬಿದ್ದು ಬೆಳೆಯತ್ತೆ."

"ಎರಡಕ್ಕೂ ಇರೋದು?"

"ಹಸಿರು!"

ಅಷ್ಟು ಹೇಳಿ ಮುಗಿಸಿದರೆ ಅಣ್ಣ ಅವಳನ್ನು ಎತ್ತಿ ನನ್ನ ಕತ್ತರಿ ಮೇಜಿನ ಮೇಲೆ ನಿಲ್ಲಿಸುತ್ತಿದ್ದ. ಹೀಗಾಗಿ ಒಂದು ಅಕ್ಷರ ಸಸ್ಯಶಾಸ್ತ್ರ ಓದದ ನನಗೂ ಆ ಎರಡು ಗಿಡಗಳ ಜಾತಕ ಬಾಯಿಪಾಠ. ಮುಂದೆ ಈ ಆಟವೇ ನಮ್ಮ ಕುತ್ತಿಗೆಗೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಕಾಲೇಜಿನ ಕೊನೆಯ ಪ್ರಾಯೋಗಿಕ ಪರೀಕ್ಷೆಯ ಕ್ರಮ ಹೀಗೆ. ಪ್ರತಿಯೊಬ್ಬರ ಮೇಜಿನ ಮೇಲೆ ಎರಡು ಗಾಜಿನ ಬೋಗುಣಿ, ಒಂದೊಂದರಲ್ಲಿ ಒಂದೊಂದು ಗಿಡ. ಗುರುತಿಸಬೇಕು, ಬಿಡಿಸಿ ನೋಡಬೇಕು, ಹೋಲಿಸಿ ಬರೆಯಬೇಕು. ಯಾವ ಎರಡು ಗಿಡ ಅನ್ನುವುದು ಮೊದಲೇ ಗೊತ್ತಿರುವುದು ಇಬ್ಬರಿಗೆ: ಆರಿಸುವ ವಿಭಾಗದ ಮುಖ್ಯಸ್ಥರಿಗೆ, ಅಂದರೆ ಎಲ್ಲರೂ ದೊಡ್ಡ ಮೇಷ್ಟ್ರು ಅನ್ನುವವರಿಗೆ, ಮತ್ತು ಗಿಡ ತರುವ ಅಣ್ಣನಿಗೆ. ಪರೀಕ್ಷೆ ಹತ್ತಿರ ಬಂದಂತೆ ಅಣ್ಣನಿಗೆ ಎಲ್ಲಿಲ್ಲದ ಬೆಲೆ ಬರುತ್ತಿತ್ತು. ಚಹಾದ ಅಂಗಡಿಯಲ್ಲಿ ಹುಡುಗರು ಜಾಗ ಬಿಟ್ಟು ಕೂರಿಸುತ್ತಿದ್ದರು, ಅವನ ಸೈಕಲ್ಲಿಗೆ ಗಾಳಿ ಹೊಡೆದುಕೊಡುತ್ತಿದ್ದರು. ಕೆಲವರು ದೂರದಿಂದ ಹಿಂಬಾಲಿಸುತ್ತಿದ್ದರು. ಅಣ್ಣ ಊರಿನ ಗಿಡವನ್ನೆಲ್ಲ ಒಂದಿಷ್ಟಿಷ್ಟು ಕಿತ್ತು ಬುಟ್ಟಿ ತುಂಬಿಕೊಂಡು ಸುತ್ತಾಡುತ್ತಿದ್ದ. ಬುಟ್ಟಿಯಲ್ಲಿ ಪರೀಕ್ಷೆಯ ಗಿಡ ಇರುತ್ತಲೇ ಇರಲಿಲ್ಲ. ಅದು ಅವನ ಊಟದ ಡಬ್ಬಿಯಲ್ಲಿರುತ್ತಿತ್ತು. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬನಿಗೆ ಒಂದು ಎಲೆಯ ಸುಳಿವೂ ಸಿಗಲಿಲ್ಲ. "ಅಣ್ಣನ ಬಾಯಿಗೂ ಲ್ಯಾಬಿನ ಬೀಗಕ್ಕೂ ಒಂದೇ ಕೀಲಿ" ಅಂತ ಕಾಲೇಜಿನಲ್ಲಿ ಒಂದು ಮಾತೇ ಇತ್ತು.

ಅದೇ ಕಾಲೇಜಿಗೆ ನಮ್ಮ ಹುಡುಗಿ ಸೇರಿದಳು, ಅದೇ ವಿಭಾಗಕ್ಕೆ. ಓದಿನಲ್ಲಿ ಚುರುಕು. ಕೊನೆಯ ಪರೀಕ್ಷೆಯಲ್ಲಿ ಮೊದಲು ಬಂದವರನ್ನು ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ಇಟ್ಟುಕೊಳ್ಳುವುದು ಆ ಕಾಲೇಜಿನ ಪದ್ಧತಿ. ಮಕ್ಕಳಿಗೆ ಗಿಡ ಬಿಡಿಸಿ ತೋರಿಸುವ ಕೆಲಸ. ಅಪ್ಪ ಒರೆಸಿದ ಮೇಜಿನ ಆಚೆ ಬದಿಯಲ್ಲಿ ಮಗಳು ನಿಂತು ಪಾಠ ಹೇಳುವುದು; ಅದೊಂದನ್ನು ನೋಡಬೇಕು ಅಂತ ಅಣ್ಣನಿಗೆ ಪ್ರಾಣ. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಅವಳಿಗೆಂದು ಒಂದು ಬಿಳಿ ಕೋಟಿನ ಬಟ್ಟೆ ತಂದು ನನ್ನ ಕಪಾಟಿನಲ್ಲಿಟ್ಟಿದ್ದ. ಹುಡುಗಿಯ ಕಣ್ಣೂ ಅದರ ಮೇಲೇ. ಅವಳಿಗೆ ಸರಿಸಾಟಿ ಅಂತ ತರಗತಿಯಲ್ಲಿ ಇದ್ದವನು ಒಬ್ಬನೇ, ದೊಡ್ಡ ಮೇಷ್ಟ್ರ ತಂಗಿಯ ಮಗ. ಅವರ ಮನೆಯಲ್ಲೇ ಇದ್ದು ಓದುತ್ತಿದ್ದ. ಸಾಟಿ ಅಂದರೆ ಮಾರ್ಕಿನಲ್ಲಿ ಸಾಟಿ. ಅದು ಹೇಗೆ ಸಾಟಿಯಾಗುತ್ತಿತ್ತು ಅಂತ ಆಗ ನಾವು ಯೋಚಿಸಿರಲಿಲ್ಲ.

ಪರೀಕ್ಷೆಯ ವಾರ ಬಂತು. ಅಣ್ಣ ಹಾಸಿಗೆ ಸುತ್ತಿಕೊಂಡು ಲ್ಯಾಬಿಗೆ ಹೋದ. ಮಗಳು ಪರೀಕ್ಷೆಗೆ ಕೂತಿರುವಾಗ ತಾನು ಮನೆಯಲ್ಲಿ ಇರಬಾರದು, ಮುಖ ನೋಡಿದರೂ ಮಾತಾಡಬಾರದು, ಮಾತಾಡಿದರೆ ಏನಾದರೂ ಜಾರೀತು ಅಂತ ಅವನ ಹೆದರಿಕೆ. ನಾನು ಮಧ್ಯಾಹ್ನ ಊಟ ಒಯ್ದು ಕೊಟ್ಟು ಖಾಲಿ ಡಬ್ಬಿ ತರುತ್ತಿದ್ದೆ. ಬಟ್ಟೆಯನ್ನೂ ಅವನು ಅಲ್ಲೇ ಜಾಲಿಸಿ ಒಣಹಾಕಿಕೊಳ್ಳುತ್ತಿದ್ದ. ಇಂಥ ಅಪ್ಪನನ್ನು ಗಾಜಿನ ಕಪಾಟಿನಲ್ಲಿಟ್ಟು ಕಾಲೇಜಿನವರು ಪ್ರದರ್ಶನ ಮಾಡಬಹುದಿತ್ತು.

ಪರೀಕ್ಷೆಯ ಹಿಂದಿನ ದಿನ ನಾನು ಹೋದಾಗ ಅಣ್ಣ ಗಡಿಬಿಡಿಯಲ್ಲಿದ್ದ. ದೊಡ್ಡ ಮೇಷ್ಟ್ರಿಂದ ಕರೆ ಬಂದಿತ್ತು: ನಾಳೆಯ ಗಿಡಗಳನ್ನು ಒಮ್ಮೆ ಮನೆಗೆ ತಂದು ತೋರಿಸಿ ಹೋಗು, ಚೆನ್ನಾಗಿವೆಯೋ ಇಲ್ಲವೋ ನೋಡಬೇಕು. ದೊಡ್ಡವರ ಮನೆಗೆ ಕೊಳಕು ಪ್ಯಾಂಟಿನಲ್ಲಿ ಹೋಗಲಾಗುತ್ತದೆಯೇ? ಒಗೆದ ಪ್ಯಾಂಟು ಹಾಕಿಕೊಂಡ, ಬಿಚ್ಚಿದ್ದನ್ನು ಸುರುಳಿ ಸುತ್ತಿ ನನ್ನ ಚೀಲದೊಳಗೆ ತುರುಕಿದ, ಓಡಿದ. ಏನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ಆಮೇಲೆ ಕೇಳಿದ್ದೇನೆ. ಇದನ್ನು ಹುಡುಗಿಗೆ ತೋರಿಸಬೇಡ ಅಂದಿದ್ದರೆ ಅದೂ ಒಂದು ಸುಳಿವೇ ಆಗುತ್ತಿತ್ತಂತೆ. ಈ ಬುದ್ಧಿಗೆ ಏನು ಹೇಳುತ್ತೀರಿ?

ದರ್ಜಿಯ ಮನೆಯಲ್ಲಿ ಒಂದು ರೂಢಿ ಇದೆ. ಬಟ್ಟೆ ನೀರಿಗೆ ಹಾಕುವ ಮೊದಲು ಜೇಬು ಮಗುಚಬೇಕು, ಪ್ಯಾಂಟಿನ ಕಾಲ ಮಡಿಕೆ ಬಿಡಿಸಿ ಕೊಡವಬೇಕು. ಮಡಿಕೆಯಲ್ಲಿ ಕೂತ ದೂಳು ನೀರು ಕುಡಿದರೆ ಬಟ್ಟೆಗೆ ಗೆರೆ ಬೀಳುತ್ತದೆ. ಅಣ್ಣನ ಪ್ಯಾಂಟಿಗೆಲ್ಲ ಅಗಲ ಮಡಿಕೆ ಇಟ್ಟು ಹೊಲಿದವಳು ನಾನೇ. ತಪ್ಪು ನನ್ನದೇ ಅಂತ ಎದೆ ಬಡಿದುಕೊಂಡು ಒಳ್ಳೆಯವಳಾಗುವ ಆಸೆ ನನಗಿಲ್ಲ; ಆ ರೋಗ ಮನೆಯಲ್ಲಿ ಆಗಲೇ ಇಬ್ಬರಿಗಿತ್ತು. ನಾನು ಗಿರಾಕಿಯ ಅಳತೆ ತೆಗೆಯುತ್ತಿದ್ದೆ. ಹುಡುಗಿ ಓದಿ ಓದಿ ಸಾಕಾಗಿ, ಕೈಗೆ ಕೆಲಸ ಬೇಕು ಅಂತ ಹಿಂದಿನ ನಲ್ಲಿಯ ಹತ್ತಿರ ಬಟ್ಟೆ ಒಗೆಯಲು ಕೂತಳು. ಚೀಲದಿಂದ ಪ್ಯಾಂಟು ಹೊರಗೆ ಬಂತು. ಎರಡೂ ಮಂಡಿಗಳ ಮೇಲೆ ಒದ್ದೆ ಮಣ್ಣು, ಹಸಿರು ಕಲೆ. ಆ ಗೋಡೆಯ ಮುಂದೆ ಮಂಡಿಯೂರಿ ಬ್ಲೇಡು ಹಾಕಿ ಎಬ್ಬಿಸದೆ ಚಪ್ಪಟೆ ಗಿಡ ಕೈಗೆ ಬರುವುದಿಲ್ಲ ಅಂತ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಕಾಲ ಮಡಿಕೆ ಬಿಡಿಸಿದಳು. ತಿರುಚಿಕೊಂಡ ರತ್ನಗಂಧಿ ಕಾಯಿಯ ಒಂದು ಹೋಳು ಅವಳ ಕೈಗೆ ಬಿತ್ತು.

ಒಂದು ಗಿಡ ಮಂಡಿಯ ಮೇಲೆ, ಇನ್ನೊಂದು ಮಡಿಕೆಯಲ್ಲಿ. ಪ್ರಶ್ನೆಪತ್ರಿಕೆಯೇ ಬಕೆಟ್ಟಿನ ಪಕ್ಕ ಬಂದು ಕೂತಿತ್ತು.

ಆವತ್ತು ಸಂಜೆ ಅವಳು ಪುಸ್ತಕ ಮುಟ್ಟಲಿಲ್ಲ. ನಾನು ತಲೆನೋವಿರಬೇಕು ಅಂದುಕೊಂಡೆ. ಊಟಕ್ಕೆ ಕೂತಾಗ ತಟ್ಟೆಯಲ್ಲಿ ಬೆರಳಾಡಿಸುತ್ತ ಕೇಳಿದಳು:

"ಅತ್ತೆ, ನಾವಾಗಿ ಹುಡುಕಿಕೊಂಡು ಹೋಗದೆ ಒಂದು ವಿಷಯ ಗೊತ್ತಾದ್ರೆ, ಅದು ಕದ್ದ ಹಾಗೆ ಆಗತ್ತಾ?"

ಯಾವ ವಿಷಯ ಅಂತ ನಾನು ಕೇಳಲಿಲ್ಲ. ಗಿರಾಕಿಗಳ ಗುಟ್ಟು ನನ್ನ ಕಿವಿಗೂ ನೂರು ಬೀಳುತ್ತವೆ. ಗೊತ್ತಾದದ್ದು ಗೊತ್ತಾಯಿತು, ಬಾಯಿ ಮುಚ್ಚಿಕೊಂಡು ಇದ್ದರಾಯಿತು, ಮೊದಲು ಊಟ ಮಾಡು ಅಂದೆ. ಅವಳು ತಲೆ ಅಲ್ಲಾಡಿಸಿದಳು. ಅದು ಹೂಂ ಅನ್ನುವ ಅಲ್ಲಾಟವಲ್ಲ ಅಂತ ನನಗೆ ಮಾರನೆಯ ದಿನ ತಿಳಿಯಿತು.

ಮಾರನೆಯ ದಿನ ಲ್ಯಾಬಿನಲ್ಲಿ ನಡೆದದ್ದನ್ನು ಅವಳೇ ಹೇಳಿದ್ದಾಳೆ, ಅವಳ ಜೊತೆಯವರೂ ಹೇಳಿದ್ದಾರೆ. ಬೋಗುಣಿಗಳ ಮೇಲಿನ ಬಟ್ಟೆ ತೆಗೆದರು. ಒಂದರಲ್ಲಿ ಹೂವೂ ಕಾಯಿಯೂ ಇದ್ದ ರತ್ನಗಂಧಿಯ ರೆಂಬೆ, ಇನ್ನೊಂದರಲ್ಲಿ ಚಪ್ಪಟೆ ಗಿಡದ ತುಂಡು. ಮಕ್ಕಳೆಲ್ಲ ತಲೆ ತಗ್ಗಿಸಿದರು, ದೊಡ್ಡ ಮೇಷ್ಟ್ರ ಸೋದರಳಿಯನಂತೂ ಸಾಲ ತೀರಿಸುವವನ ಹಾಗೆ ಗೀಚಲು ಶುರು ಮಾಡಿದ. ನಮ್ಮ ಹುಡುಗಿ ಎದ್ದು ನಿಂತಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕೇಳಿದ್ದೇವೆ. ಇವಳು ಯಾರೂ ಏನೂ ಅನ್ನುವ ಮೊದಲೇ ಎದ್ದು ಹೆಗಲು ತೋರಿಸಿದಳು.

"ಸಾರ್, ಈ ಎರಡು ಗಿಡ ಬರತ್ತೆ ಅಂತ ನಂಗೆ ನಿನ್ನೇನೇ ಗೊತ್ತಾಗಿತ್ತು. ನಮ್ಮಪ್ಪ ಹೇಳಿಲ್ಲ. ಅವರ ಪ್ಯಾಂಟು ಒಗೆಯುವಾಗ ಗೊತ್ತಾಯ್ತು. ನಂಗೆ ಬೇರೆ ಗಿಡ ಕೊಡಿ, ಅದರ ಮೇಲೆ ಬರೀತೀನಿ."

ಅಣ್ಣ ಮೂಲೆಯಲ್ಲಿ ನೀರಿನ ಜಗ್ಗು ಹಿಡಿದು ನಿಂತಿದ್ದನಂತೆ. ಹೊರಗಿನಿಂದ ಪರೀಕ್ಷಕಿಯಾಗಿ ಬಂದಿದ್ದ ಮೇಡಂ ನ್ಯಾಯವಾದ ಮಾತನ್ನೇ ಆಡಿದರು. ಒಬ್ಬರಿಗೆ ಗೊತ್ತಾಗಿದೆ ಅಂದರೆ ಇನ್ನೆಷ್ಟು ಜನಕ್ಕೆ ಗೊತ್ತೋ, ಎಲ್ಲರಿಗೂ ಗಿಡ ಬದಲಾಯಿಸೋಣ, ಈಗಲೇ ತರಿಸಿ ಅಂದರು. ಆಗ ದೊಡ್ಡ ಮೇಷ್ಟ್ರ ಮುಖ ನೋಡಬೇಕಿತ್ತಂತೆ. ಒಂದು ಹಣ್ಣು ಕೊಳೆತರೆ ಬುಟ್ಟಿಯನ್ನೇ ಬಿಸಾಡುತ್ತಾರೆಯೇ, ಕೊಳೆತದ್ದನ್ನು ತೆಗೆದರೆ ಸಾಕು ಅಂದರು. ಹುಡುಗಿಯನ್ನು ಹೊರಗೆ ಕಳಿಸಿದರು. ಬಾಗಿಲು ಹಾಕಿದರು. ಅವಳ ಬೋಗುಣಿಗಳನ್ನು ತೆಗೆದಿಡು ಅಂತ ಅಣ್ಣನಿಗೇ ಹೇಳಿದರು. ಅವನು ತೆಗೆದಿಟ್ಟ.

ಪರೀಕ್ಷೆಯಿಂದ ಅವಳನ್ನು ವಜಾ ಮಾಡಿದ್ದಾಯಿತು. ಅಪ್ಪ ಮಗಳಿಗೆ ಪ್ರಶ್ನೆ ಬಿಟ್ಟುಕೊಟ್ಟನೇ ಅಂತ ವಿಚಾರಣೆ ಬೇರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆದರೆ ಎತ್ತು ಯಾವುದು ಅಂತ ನನಗೆ ಇನ್ನೂ ಗೊತ್ತಿರಲಿಲ್ಲ. ಅಣ್ಣ ಹಾಸಿಗೆ ಸುತ್ತಿಕೊಂಡು ಮನೆಗೆ ಬಂದ ಸಂಜೆ, ನಾನು ಅದನ್ನೂ ಇದನ್ನೂ ಕೆದಕಿ ಕೇಳುತ್ತ ಹೋದೆ. ಆಗ ಹೊರಗೆ ಬಂತು.

ಆವತ್ತು ಅಣ್ಣ ಒಗೆದ ಪ್ಯಾಂಟು ಹಾಕಿಕೊಂಡು ದೊಡ್ಡ ಮೇಷ್ಟ್ರ ಮನೆಗೆ ಹೋದನಲ್ಲ, ಅವರು ಗಿಡಗಳಿದ್ದ ಡಬ್ಬಿಯನ್ನು ಬಾಗಿಲಲ್ಲೇ ಇಸಿದುಕೊಂಡರು. ಹೊರಗೆ ಕೂತಿರು ಅಂದರು. ಬಹಳ ಹೊತ್ತು ಕೂರಿಸಿದರು. ಡಬ್ಬಿ ವಾಪಸು ಬಂದಾಗ ಅಣ್ಣ ತೆರೆದು ನೋಡಿದ. ಮುಚ್ಚಿಕೊಂಡಿದ್ದ ಕಾಯಿಯನ್ನು ಯಾರೋ ಉಗುರಿನಿಂದ ಸೀಳಿ ಬೀಜ ಬಿಡಿಸಿದ್ದರು. ಹೂವಿನ ದಳಗಳನ್ನು ಒಂದೊಂದಾಗಿ ಕಿತ್ತು ಸಾಲಾಗಿ ಇಟ್ಟಿದ್ದರು. ಚಪ್ಪಟೆ ಗಿಡವನ್ನು ಮಗುಚಿ ಹಾಕಿ, ಕೆಳಗಿನ ನೂಲೆಲ್ಲ ಕಾಣುವಂತೆ ಮಣ್ಣು ತೊಳೆದಿದ್ದರು, ಬಟ್ಟಲುಗಳನ್ನು ಬ್ಲೇಡಿನಿಂದ ಕುಯ್ದಿದ್ದರು. ಪರೀಕ್ಷೆಯಲ್ಲಿ ಮಕ್ಕಳು ಮಾಡಬೇಕಾದ್ದೆಲ್ಲ ಆ ಮನೆಯ ಊಟದ ಮೇಜಿನ ಮೇಲೆ ಆಗಿಹೋಗಿತ್ತು. ಅಣ್ಣ ಮರುಮಾತಾಡದೆ ಹೋಗಿ ಹೊಸ ಗಿಡ ತಂದಿಟ್ಟ.

ನನ್ನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟೆ. ಇಡದಿದ್ದರೆ ಏನು ಮಾಡುತ್ತಿದ್ದೆನೋ. ಮೂವತ್ತು ವರ್ಷ ಯಾರಿಗೂ ಬಿಟ್ಟುಕೊಡದ ಪ್ರಶ್ನೆಯನ್ನು ಇವನು ತನ್ನ ಕೈಯಾರೆ, ಶುಭ್ರವಾದ ಪ್ಯಾಂಟು ತೊಟ್ಟು, ಆ ಹುಡುಗನ ಮನೆಬಾಗಿಲಿಗೆ ಮುಟ್ಟಿಸಿ ಬಂದಿದ್ದ. ಸ್ವಂತ ಮಗಳ ಮುಖ ನೋಡಿದರೆ ಎಲ್ಲಿ ಸುಳಿವು ಸಿಗುತ್ತದೋ ಅಂತ ಬೆಂಚಿನ ಮೇಲೆ ಮಲಗಿದವನು. ಬೇಲಿಯೇ ಎದ್ದು ಹೊಲ ಮೇಯ್ದಿದೆ, ಇವನು ಬೇಲಿಗೆ ನೀರು ಹಾಕಿ ಬಂದಿದ್ದಾನೆ.

ವಿಚಾರಣೆಯಲ್ಲಿ ಇದನ್ನು ಹೇಳು ಅಂದೆ. ಗೋಗರೆದೆ, ಬೈದೆ. ಇದೊಂದು ಮಾತು ಹೇಳಿದರೆ ಪರೀಕ್ಷೆಯೇ ರದ್ದಾಗುತ್ತದೆ, ಎಲ್ಲರಿಗೂ ಹೊಸದಾಗಿ ನಡೆಸುತ್ತಾರೆ, ಹುಡುಗಿ ಬರೆಯುತ್ತಾಳೆ, ಆ ಕೆಲಸ ಅವಳದ್ದಾಗುತ್ತದೆ. ಅಷ್ಟೇ ಅಲ್ಲವೇ ಬೇಕಾದ್ದು? ಅಣ್ಣ ಗೋಡೆ ನೋಡುತ್ತ, ಮಾಡಿದವರ ಪಾಪ ಆಡಿದವರ ಬಾಯಲ್ಲಿ ಅಂದ. ಆ ಪಾಪ ನನ್ನ ಬಾಯಲ್ಲಿರಲಿ, ಆಡುವುದನ್ನು ಮಾತ್ರ ನೀನು ಆಡು ಅಂದೆ. ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಕೊನೆಗೆ ಅಣ್ಣ, ನೋಡೋಣ ಅಂದ. ನಾನು ಅದನ್ನು ಒಪ್ಪಿಗೆ ಅಂತ ತಿಳಿದೆ. ಹುಡುಗಿಯೂ ಹಾಗೇ ತಿಳಿದಿರಬೇಕು, ಯಾಕೆಂದರೆ ಅಂದು ಅವಳು ಬಹಳ ದಿನದ ಮೇಲೆ ಎರಡನೇ ಸಲ ಊಟ ಹಾಕಿಸಿಕೊಂಡಳು.

ವಿಚಾರಣೆ ನಡೆದದ್ದು ಪ್ರಿನ್ಸಿಪಾಲರ ಕೋಣೆಯಲ್ಲಿ. ಮೇಜಿನ ಆಚೆ ಮೂವರು: ಪ್ರಿನ್ಸಿಪಾಲರು, ಕಚೇರಿಯ ಸೂಪರಿಂಟೆಂಡೆಂಟು, ದೊಡ್ಡ ಮೇಷ್ಟ್ರು. ದೂರು ಕೊಟ್ಟವರೂ ಅವರೇ, ತೀರ್ಪು ಹೇಳುವವರೂ ಅವರೇ. ಹುಡುಗಿಯನ್ನು ಮೊದಲು ಕರೆದು ಕೇಳಿ ಕಳಿಸಿದರು. ಆಮೇಲೆ ಅಣ್ಣ ಒಳಗೆ ಹೋದ. ನಾನೂ ಹುಡುಗಿಯೂ ಹೊರಗೆ ಉದ್ದ ಬೆಂಚಿನ ಮೇಲೆ ಕೂತಿದ್ದೆವು. ಎದುರಿನ ಕಿಟಕಿಯಲ್ಲಿ ರತ್ನಗಂಧಿಯ ಸಾಲು ಕಾಣುತ್ತಿತ್ತು. ಬಿಸಿಲಿಗೆ ಕಾಯಿಗಳು ಒಂದೊಂದೇ ಸಿಡಿಯುತ್ತಿದ್ದವು. ಹುಡುಗಿ ಬೆಚ್ಚುತ್ತಿರಲಿಲ್ಲ.

ಅಣ್ಣ ಹೊರಗೆ ಬಂದ. ಹೇಳಿದೆಯಾ ಅಂತ ಕೇಳಿದೆ. ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ ಅಂದ. ಪ್ಯಾಂಟು ನಿನ್ನದೇನಾ? ಹೌದು. ಕಾಯಿ ಅದರಲ್ಲಿತ್ತಾ? ಇತ್ತು. ಮನೆಗೆ ಕಳಿಸಿದವನು ನೀನೇನಾ? ಹೌದು. ಡಬ್ಬಿಯ ವಿಷಯ ಎತ್ತಿದೆಯಾ ಅಂದೆ. ಅವನು ನನ್ನ ಮುಖ ನೋಡಲಿಲ್ಲ.

"ಡಬ್ಬಿ ತಗೊಂಡು ಹೋದವನು ನಾನು. ಒಳಗೆ ಅದನ್ನ ಯಾರು ಬಿಚ್ಚಿದ್ರು, ಯಾರು ನೋಡಿದ್ರು ಅಂತ ನಾನು ಕಂಡಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಕಾಣದೇ ಇದ್ದದ್ದನ್ನ ಒಬ್ಬರ ತಲೆಗೆ ಕಟ್ಟೋದು ಹೇಗೆ?"

ನಾನು ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಡಬ್ಬಿಯ ಕಥೆ, ಸೀಳಿದ ಕಾಯಿ, ತೊಳೆದ ನೂಲು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ಹಾಕಿದರು. ದೊಡ್ಡ ಮೇಷ್ಟ್ರು ನನ್ನನ್ನು ಕೂರಲು ಕೂಡ ಹೇಳದೆ, ಮೆತ್ತಗೆ, ಪಾಪ ಅನ್ನುವ ದನಿಯಲ್ಲಿ ಅಂದರು:

"ನಿಮ್ಮಣ್ಣ ಇದೇ ಕುರ್ಚಿಯಲ್ಲಿ ಕೂತಿದ್ರಲ್ಲಮ್ಮ. ಅವರೇ ಇದೊಂದು ಮಾತೂ ಹೇಳಲಿಲ್ಲ. ಅವರು ಸುಳ್ಳು ಹೇಳೋ ಮನುಷ್ಯ ಅಲ್ಲ ಅಂತ ನಮಗೆಲ್ಲ ಗೊತ್ತು."

ಒಳ್ಳೆಯತನದಿಂದ ಏನು ಉಪಯೋಗ ಅಂತ ಕೇಳುವವರಿಗೆ ಇಲ್ಲಿದೆ ಉತ್ತರ. ಕಳ್ಳನಿಗೆ ಬಹಳ ಉಪಯೋಗ. ಅಣ್ಣನ ಮೂವತ್ತು ವರ್ಷದ ಸತ್ಯವನ್ನು ಆ ಮನುಷ್ಯ ಕರವಸ್ತ್ರದ ಹಾಗೆ ಜೇಬಿನಿಂದ ತೆಗೆದು ಬಾಯಿ ಒರೆಸಿಕೊಂಡ.

ಹೊರಗೆ ಬಂದೆ. ಬೆಂಚಿನ ಈ ತುದಿಯಲ್ಲಿ ಅಣ್ಣ, ಆ ತುದಿಯಲ್ಲಿ ಹುಡುಗಿ. ನಡುವೆ ನಾನು ಕೂತಿದ್ದ ಜಾಗ ಖಾಲಿ ಇತ್ತು, ನಾನು ಕೂರಲಿಲ್ಲ. ಅಣ್ಣ ತನ್ನ ಮಂಡಿಗಳ ಮೇಲೆ ಅಂಗೈ ಊರಿಕೊಂಡಿದ್ದ. ಅವನಿಗೆ ಸಮಾಧಾನವಿತ್ತು ಅಂತ ಕಾಣುತ್ತದೆ. ನಾವು ನಮ್ಮ ಕಡೆಯಿಂದ ತಪ್ಪು ಮಾಡಲಿಲ್ಲ ಮಗಳೇ ಅಂದ. ಹುಡುಗಿ ಕಿಟಕಿಯ ಕಡೆಗೇ ನೋಡುತ್ತ, ದನಿ ಏರಿಸದೆ ಅಂದಳು:

"ಅಪ್ಪ, ನಾನೂ ಗಿಡ ಕಂಡಿರ್ಲಿಲ್ಲ. ನಾನು ಕಂಡಿದ್ದು ಬರೀ ಪ್ಯಾಂಟು."

ಅಷ್ಟು ಹೇಳಿ ಅವಳು ಎದ್ದು ಮೆಟ್ಟಿಲು ಇಳಿದಳು. ಅವಳನ್ನು ಹಾಗೆ ಬೆಳೆಸಿದವನು ಅಣ್ಣನೇ. ಮಂಡಿಯ ಕಲೆ ನೋಡಿದರೆ ಗಿಡ ನೋಡಿದ ಹಾಗೇ ಅಂತ ಅವಳು ಎದ್ದು ನಿಂತಳು. ಸೀಳಿದ ಕಾಯಿ ನೋಡಿದರೂ ಸೀಳಿದ ಕೈ ನೋಡಿಲ್ಲ ಅಂತ ಇವನು ಸುಮ್ಮನೆ ಕೂತ. ಒಂದೇ ತಕ್ಕಡಿ ಅಂತ ಅವಳು ನಂಬಿದ್ದಳು. ತನ್ನನ್ನು ತಾನೇ ತೂಗಿಕೊಂಡು ಹೊರಗೆ ಬಂದ ಮೇಲೆ ಅಪ್ಪ ಬೇರೆಯವರಿಗೆ ಬೇರೆ ತೂಕದ ಕಲ್ಲು ಇಟ್ಟದ್ದನ್ನು ಅವಳು ಆ ಬೆಂಚಿನ ಮೇಲೆ ಕೂತು ಕಂಡಳು.

ಡೆಮಾನ್‌ಸ್ಟ್ರೇಟರ್ ಕೆಲಸ ಸೋದರಳಿಯನಿಗೆ ಆಯಿತು ಅಂತ ಬೇರೆ ಹೇಳಬೇಕಾಗಿಲ್ಲ. ಅಣ್ಣನಿಗೆ ಎಚ್ಚರಿಕೆ ಕೊಟ್ಟು ಲ್ಯಾಬಿನಿಂದ ತೆಗೆದು, ಮುರಿದ ಕುರ್ಚಿ ಬೆಂಚು ತುಂಬಿಟ್ಟ ಗೋಡೌನಿಗೆ ಹಾಕಿದರು. ಹುಡುಗಿ ಮುಂದಿನ ವರ್ಷ ಪರೀಕ್ಷೆ ಬರೆದು ಪಾಸಾದಳು. ಆ ಹೊತ್ತಿಗೆ ಆ ಜಾಗ ತುಂಬಿತ್ತು, ಅವಳ ಆಸೆ ಬತ್ತಿತ್ತು. ಈಗ ನನ್ನ ಅಂಗಡಿಯಲ್ಲಿ ಕತ್ತರಿ ಅವಳ ಕೈಯಲ್ಲಿದೆ. ನನಗಿಂತ ಚೆನ್ನಾಗಿ ಕತ್ತರಿಸುತ್ತಾಳೆ. ಕಪಾಟಿನಲ್ಲಿದ್ದ ಬಿಳಿ ಬಟ್ಟೆಯನ್ನು ಅವಳೇ ತೆಗೆದು ಜೇಬಿನ ಒಳಪದರಗಳಿಗೆ ಬಳಸಿ ಮುಗಿಸಿದಳು.

ಅಪ್ಪ ಮಗಳು ಮಾತು ಬಿಟ್ಟಿಲ್ಲ. ಚಹಾ ಬೇಕಾ, ಬಾಗಿಲು ಹಾಕಿದೆಯಾ, ಔಷಧಿ ತಗೊಂಡೆಯಾ, ಎಲ್ಲ ಇದೆ. ಒಮ್ಮೆ ಅಣ್ಣ ಗೋಡೌನಿನಿಂದ ಬರುವಾಗ ರತ್ನಗಂಧಿಯ ಒಂದು ಕಾಯಿ ತಂದು ಕತ್ತರಿ ಮೇಜಿನ ಮೇಲಿಟ್ಟು, ಸಣ್ಣ ದನಿಯಲ್ಲಿ, "ಬೇರು?" ಅಂದ. ಅವಳು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದವಳು ಗೆರೆ ಮುಗಿಸಿ, ಕಾಯಿಯನ್ನು ಎತ್ತಿ ಚೂರು ಬಟ್ಟೆಯ ಬುಟ್ಟಿಗೆ ಹಾಕಿ, ಸ್ನಾನಕ್ಕೆ ನೀರು ಕಾದಿದೆ ಅಪ್ಪ ಅಂದಳು.

ಅದೇ ವಾರ ಅವಳು ಅವನ ಪ್ಯಾಂಟುಗಳನ್ನೆಲ್ಲ ಹೊರಗೆ ತೆಗೆದಳು. ಕಾಲ ಮಡಿಕೆಗಳ ಹೊಲಿಗೆ ಬಿಚ್ಚಿ, ಹೆಚ್ಚಿನ ಬಟ್ಟೆ ಕತ್ತರಿಸಿ, ಅಂಚನ್ನು ಚಪ್ಪಟೆಯಾಗಿ ಮಡಚಿ ಹೊಲಿದಳು, ಇಸ್ತ್ರಿ ಹಾಕಿದಳು. ಅಣ್ಣ ಒಂದನ್ನು ಹಾಕಿಕೊಂಡು ಬಂದು ನಿಂತ. ಅವಳು ಮಂಡಿಯೂರಿ ಕೂತು ಕಾಲಿನ ಉದ್ದ ನೋಡಿದಳು, ಅಂಚಿನ ಸುತ್ತ ಬೆರಳಾಡಿಸಿದಳು.

"ಇನ್ನು ಇದರಲ್ಲಿ ಏನೂ ಸಿಕ್ಕಿಕೊಳ್ಳಲ್ಲ ಅಪ್ಪ," ಅಂದಳು. "ಆರಾಮಾಗಿ ಎಲ್ಲಿಗೆ ಬೇಕಾದ್ರೂ ಹೋಗಿ ಬಾ."

ಅಣ್ಣ ಚೆನ್ನಾಗಿದೆ ಅಂದ.